ಥರ್ಟಿ-ಫಾರ್ಟಿ ಸೈಟಿಗೆ ಇಳಿಯದ ಹಸಿರು ನಿಯಮ

ಏಪ್ರಿಲ್‌ನಲ್ಲಿ ಬೆಂಗಳೂರಿನ ಪಿಜಿಯೊಂದರ ಕೊನೇ ಮಹಡಿಯಲ್ಲಿ ರೂಮು ಸಿಕ್ಕವರಿಗೆ ನಾವು ಹೇಳಹೊರಟಿರೋದು ಅರ್ಧ ಆಗಲೇ ಗೊತ್ತು. ರಾತ್ರಿ ಹನ್ನೊಂದಾದರೂ ತಾರಸಿ ಕಾದ ಹೆಂಚಿನ ಹಾಗೇ ಇರುತ್ತೆ. ಫ್ಯಾನ್ ಎಷ್ಟು ಜೋರಾಗಿ ಇಟ್ಟರೂ ಬಿಸಿಗಾಳಿಯೇ. ಕೆಳಗಿಳಿದು ರಸ್ತೆಗೆ ಬಂದರೆ ಮಾತ್ರ ತಣ್ಣಗಿನ ಗಾಳಿ. ಊರು ತಣ್ಣಗಾಗಿದ್ದರೂ ರೂಮು ತಣ್ಣಗಾಗಿಲ್ಲ ಅಂದರೆ ತಪ್ಪು ಕಟ್ಟಡದ್ದೇ ಅಲ್ವಾ?

ಇಂಥ ಕಟ್ಟಡಗಳನ್ನು ಸರಿಯಾಗಿ ಕಟ್ಟಿಸಲು ನಮ್ಮ ದೇಶದಲ್ಲಿ ನಿಯಮಗಳಿಲ್ಲವೆಂದಲ್ಲ. ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ 2007ರಲ್ಲೇ ವಾಣಿಜ್ಯ ಕಟ್ಟಡಗಳಿಗೆ ಇಸಿಬಿಸಿ ಎಂಬ ಸಂಹಿತೆ ತಂದು, 2017ರಲ್ಲಿ ಪರಿಷ್ಕರಿಸಿತು. ಸಿಮ್ಯುಲೇಶನ್ ಇಲ್ಲದೆ ನೇರ ದಾರಿಯಲ್ಲಿ ಹೋಗುವವರು ಹೊರಗೋಡೆಯಲ್ಲಿ ಶೇ. 40ಕ್ಕಿಂತ ಹೆಚ್ಚು ಗಾಜು ಇಡುವಂತಿಲ್ಲ. ಮನೆಗಳಿಗಾಗಿ 2018ರಲ್ಲಿ ಇಕೋ-ನಿವಾಸ್ ಸಂಹಿತೆ ಬಂತು. ಅದರ ಪ್ರಕಾರ ತಾರಸಿಯ ಯು-ವ್ಯಾಲ್ಯೂ 1.2 ದಾಟಬಾರದು. ಬೆಂಗಳೂರಿನಂಥ ಸಮಶೀತೋಷ್ಣ ವಲಯದಲ್ಲಿ ತೆರೆಯಬಹುದಾದ ಕಿಟಕಿ-ಬಾಗಿಲುಗಳು ನೆಲದ ವಿಸ್ತೀರ್ಣದ ಕನಿಷ್ಠ ಶೇ. 12.5ರಷ್ಟು ಇರಬೇಕು. ಒಳ್ಳೇ ನಿಯಮಗಳೇ.

ಆದರೆ ಯಾರಿಗೆ? ಸಂಹಿತೆ ಬರೆದಾಗ ಇಟ್ಟ ಮಿತಿ 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನ. ಅಡಿ ಲೆಕ್ಕಕ್ಕೆ ತಂದು ನೋಡಿ. ಥರ್ಟಿ-ಫಾರ್ಟಿ ಅಂದರೆ 111 ಚದರ ಮೀಟರ್. ಫಾರ್ಟಿ-ಸಿಕ್ಸ್ಟಿ 223. ಫಿಫ್ಟಿ-ಎಯ್ಟಿ ಕೂಡ 372 ಅಷ್ಟೇ. 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆಯ ಮಿತಿಯೂ 100 ಕಿಲೋವ್ಯಾಟ್ ಲೋಡ್. ನಾವು ಬಾಡಿಗೆ ಕೊಟ್ಟು ಮಲಗುವ ಮನೆಗಳು, ನಾಳೆ ಸಾಲ ಮಾಡಿ ಕಟ್ಟುವ ಮನೆಗಳು ಎಲ್ಲವೂ ಈ ಗೆರೆಯ ಆಚೆಗೇ ಉಳಿದವು.

ಈಗ ಹೀಟ್ ಟ್ರಾನ್ಸ್‌ಫರ್ ಕ್ಲಾಸಿನ ಲೆಕ್ಕ ಒಂದನ್ನು ತಾರಸಿ ಮೇಲೆ ಪ್ರಯೋಗಿಸೋಣ. 150 ಮಿ.ಮೀ. ಆರ್‌ಸಿಸಿ ಸ್ಲ್ಯಾಬ್, ಕಂಡಕ್ಟಿವಿಟಿ ಸುಮಾರು 1.58. ಎರಡೂ ಮೇಲ್ಮೈಗಳ ರೆಸಿಸ್ಟೆನ್ಸ್ ಸೇರಿಸಿದರೂ ಯು-ವ್ಯಾಲ್ಯೂ 3.3ರ ಹತ್ತಿರ ಬರುತ್ತೆ. ಅದರ ಮೇಲೆ 25 ಮಿ.ಮೀ. ದಪ್ಪದ ಥರ್ಮೊಕೋಲ್ ಜಾತಿಯ ಬೋರ್ಡ್ ಹಾಸಿ ನೋಡಿ: ಸರಿಸುಮಾರು 1ಕ್ಕೆ ಇಳಿಯುತ್ತೆ. ಒಂದಿಂಚಿನ ಬೋರ್ಡಿನಿಂದ ಒಳಗೆ ಬರುವ ಶಾಖ ಮೂರನೇ ಒಂದು ಭಾಗಕ್ಕೆ! ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಕಟ್ಟಿದವರು ಯು-ವ್ಯಾಲ್ಯೂ ಅನ್ನೋ ಮಾತನ್ನೇ ಕೇಳಿರಲಿಲ್ಲ, ಆದರೆ ಬಿಸಿಲನ್ನು ಎಲ್ಲಿ ತಡೀಬೇಕು ಅಂತ ಅವರಿಗೆ ಗೊತ್ತಿತ್ತು.

ಹಾಗಾದರೆ ಓನರ್ ಯಾಕೆ ಹಾಕಿಸಲ್ಲ? ಬೋರ್ಡಿಗೆ ದುಡ್ಡು ಕೊಡೋದು ಅವರು, ಸೆಕೆ ಅನುಭವಿಸೋದು ಬಾಡಿಗೆದಾರರು. ಬೆಳಿಗ್ಗೆ ಬಂದು ರೂಮು ನೋಡಿ ಅಡ್ವಾನ್ಸ್ ಕೊಡುವವರಿಗೆ ತಾರಸಿಯೊಳಗೆ ಏನಿದೆ ಅಂತ ಕಾಣುವುದೇ ಇಲ್ಲ. ಹೀಗಿರುವಾಗ ಮಾರುಕಟ್ಟೆಯೇ ಇದನ್ನು ಸರಿಮಾಡುತ್ತೆ ಅಂತ ಕಾಯುವುದು ದಡ್ಡತನ.

ಸಣ್ಣ ಮನೆಗೂ ನಿಯಮ ಹಾಕಿದರೆ ಲಂಚಕ್ಕೆ ಇನ್ನೊಂದು ಬಾಗಿಲು ತೆರೆದಂತೆ ಅಂತ ಕೆಲವು ಸ್ನೇಹಿತರು ವಾದಿಸ್ತಾರೆ. ಭಯ ಸುಳ್ಳಲ್ಲ. ಆದರೆ ನಮ್ಮ ರಾಜ್ಯದಲ್ಲೇ ಸಣ್ಣ ಮನೆಗಳವರೆಗೂ ತಲುಪಿದ ನಿಯಮಗಳಿವೆ. 2007ರಲ್ಲಿ 600 ಚದರ ಅಡಿ ದಾಟಿದ ಮನೆಗಳಿಗೂ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾಯಿತು. ಅದನ್ನು ಕರೆಂಟ್ ಕನೆಕ್ಷನ್ನಿಗೆ ಜೋಡಿಸಿದರು, ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ ರಿಯಾಯಿತಿಯನ್ನೂ ಕೊಟ್ಟರು. ಬೆಂಗಳೂರಿನ ಮಳೆನೀರು ಕೊಯ್ಲಿನ ನಿಯಮವೂ 2009ರಿಂದ ಹೊಸ ಥರ್ಟಿ-ಫಾರ್ಟಿ ಮನೆಗಳಿಗೆ ಅನ್ವಯಿಸುತ್ತೆ. ಎಲ್ಲರೂ ಪಾಲಿಸಿದರು ಅಂತ ನಾವು ಹೇಳುತ್ತಿಲ್ಲ. ಆದರೆ ಇವತ್ತು ಯಾವ ಬಡಾವಣೆಯ ತಾರಸಿ ಹತ್ತಿದರೂ ಸಾಲು ಸಾಲು ಸೋಲಾರ್ ಟ್ಯಾಂಕ್ ಕಾಣುತ್ತೆ.

ಆದ್ದರಿಂದ ನಾವು ಕೇಳೋದು ಇಡೀ ಸಂಹಿತೆಯನ್ನಲ್ಲ, ಅದರ ಒಂದೇ ಸಾಲನ್ನು. ತಾರಸಿಯ 1.2 ಮಿತಿ ಎಲ್ಲ ಹೊಸ ಮನೆಗಳಿಗೂ ಬರಲಿ. ನಿವೇಶನದ ಮಿತಿ ಇಳಿಸಲು ರಾಜ್ಯಕ್ಕೂ ಪಾಲಿಕೆಗೂ ಸಂಹಿತೆಯೇ ಅವಕಾಶ ಕೊಟ್ಟಿದೆ. ಮನೆ ಕಟ್ಟುವವರನ್ನು ಸಾಫ್ಟ್‌ವೇರ್ ಮುಂದೆ ಕೂರಿಸುವುದು ಬೇಡ. ಒಪ್ಪಿತವಾದ ಮೂರ್ನಾಲ್ಕು ಬಗೆಯ ತಾರಸಿಗಳ ಚಿತ್ರಗಳನ್ನು ಪಾಲಿಕೆ ಕನ್ನಡದಲ್ಲಿ, ಮೇಸ್ತ್ರಿಗೂ ಅರ್ಥವಾಗುವಂತೆ ಪ್ರಕಟಿಸಲಿ. ಬೋರ್ಡ್ ಹಾಸಿದ ಮೇಲೆ, ಕಾಂಕ್ರೀಟ್ ಮುಚ್ಚುವ ಮೊದಲು ತೆಗೆದ ಫೋಟೋ ಕೊಟ್ಟರೆ ಮಾತ್ರ ಕಾಯಂ ಕರೆಂಟ್ ಕನೆಕ್ಷನ್ ಸಿಗಲಿ.

ಪಾಲಿಕೆ ಏಳುವ ತನಕ ನಾವು ಸುಮ್ಮನೆ ಕೂರಬೇಕಿಲ್ಲ. ಈ ಬೇಸಿಗೆ ರಜೆಗೆ ಊರಿಗೆ ಹೋದಾಗ ಬೀದಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ, ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡೋಣ. ಇಂಟರ್ನಲ್ಸ್‌ನಲ್ಲಿ ಐದು ಮಾರ್ಕಿಗೆ ಬರೆಯುವ ಲೆಕ್ಕ ಅದು. ಒಂದು ಮನೆಯವರು ಇಪ್ಪತ್ತು ಬೇಸಿಗೆ ನೆಮ್ಮದಿಯಾಗಿ ನಿದ್ದೆ ಮಾಡಿದರೆ, ಅದಕ್ಕಿಂತ ಒಳ್ಳೇ ಮಾರ್ಕು ಬೇಕಾ?