ಎತ್ತರದ ಸರೋವರ, ತೆಳುಗಾಳಿ, ಅಗ್ಗದ ಪೆಟ್ರೋಲು

ನೀಲಗಿರಿಯ ಗೃಹಿಣಿಗೆ ವಾಯುಮಂಡಲದ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ತೆರೆದ ಪಾತ್ರೆಯ ಅನ್ನವು ಬಯಲಿನಲ್ಲಿ ಬೇಯುವಷ್ಟು ಬೇಗ ಬೇಯದೆಂಬುದನ್ನು ಆಕೆ ಬಲ್ಲಳು. ಗಾಳಿಯ ಒತ್ತಡ ಇಳಿದಂತೆ ನೀರು ಕಡಿಮೆ ಶಾಖದಲ್ಲಿಯೇ ಕುದಿಯುವುದು ಇದಕ್ಕೆ ಕಾರಣ. ಮೆಟ್ಟುಪಾಳಯದಿಂದ ಘಟ್ಟವೇರಿ ಬಂದ ವಾಹನ ಏದುಸಿರು ಬಿಡುವುದಕ್ಕೂ ಈ ತೆಳುಗಾಳಿಯೇ ಒಂದು ಕಾರಣ. ಇದೇ ಗಾಳಿಯು ಪೆಟ್ರೋಲಿನ ಲೆಕ್ಕವನ್ನೂ ಬದಲಾಯಿಸುತ್ತದೆ. ಅಮೆರಿಕದ ಪರ್ವತಸೀಮೆಯಲ್ಲಿ ಮೋಟಾರು ದೋಣಿ ಓಡಿಸುವವರು ಈ ಲೆಕ್ಕದಲ್ಲಿ ತಪ್ಪಿದರೆ ಎಂಜಿನ್ನನ್ನೇ ಕಳೆದುಕೊಳ್ಳಬೇಕಾದೀತು.

ಯೂಟಾ ಮತ್ತು ಐಡಹೊ ಸಂಸ್ಥಾನಗಳ ಗಡಿಯಲ್ಲಿ ಸುಮಾರು 1,800 ಮೀಟರ್ ಎತ್ತರದಲ್ಲಿ ಬೇರ್ ಲೇಕ್ ಎಂಬ ನೀಲಿ ಸರೋವರವಿದೆ. ಆ ಸೀಮೆಯ ಪೆಟ್ರೋಲ್ ಬಂಕುಗಳಲ್ಲಿ ‘ಸಾಧಾರಣ’ವೆಂದು ಮಾರುವ ಪೆಟ್ರೋಲಿನ ಆಕ್ಟೇನ್ ಸಂಖ್ಯೆ 85. ಬಯಲು ಪ್ರದೇಶಗಳಲ್ಲಿ ಅದು 87. ಅಲ್ಲಿಯ ಅಳತೆಯ ಕ್ರಮವೇ ಬೇರೆಯಾದ್ದರಿಂದ ಅವರ 87 ನಮ್ಮ ದೇಶದ 91ಕ್ಕೆ ಹೆಚ್ಚುಕಡಿಮೆ ಸಮಾನ.

ಆಕ್ಟೇನ್ ಸಂಖ್ಯೆಯು ಪೆಟ್ರೋಲಿನ ಶಕ್ತಿಯ ಅಳತೆಯಲ್ಲ, ಅದರ ಸಹನೆಯ ಅಳತೆ. ಸಿಲಿಂಡರಿನಲ್ಲಿ ಕಿಡಿಯಿಂದ ಹೊತ್ತಿದ ಜ್ವಾಲೆ ಕ್ರಮವಾಗಿ ಹರಡಬೇಕು. ಒತ್ತಡ ಮತ್ತು ಶಾಖ ಮಿತಿಮೀರಿದರೆ ಜ್ವಾಲೆ ಇನ್ನೂ ತಲುಪದ ಮೂಲೆಯ ಅನಿಲ ತಾನಾಗಿಯೇ ಸಿಡಿಯುತ್ತದೆ. ಅದನ್ನೇ ‘ನಾಕಿಂಗ್’ ಎನ್ನುವರು. ಎಂಜಿನ್ನಿನೊಳಗೆ ಸುತ್ತಿಗೆಯ ಪೆಟ್ಟು ಬಿದ್ದಂತಹ ಆ ಸಿಡಿತ ಮುಂದುವರಿದರೆ ಪಿಸ್ಟನ್ನಿನ ತಲೆ ಕರಗಿ ತೂತಾಗುವುದುಂಟು.

ಎತ್ತರದಲ್ಲಿ ಸಿಲಿಂಡರಿಗೆ ಬರುವ ಗಾಳಿಯೇ ಕಡಿಮೆ. ಆದ್ದರಿಂದ ಒತ್ತಡ ಕಡಿಮೆ, ಸಿಡಿತದ ಭಯವೂ ಕಡಿಮೆ. ಕಾರ್ಬುರೇಟರಿನ ಕಾಲದ ಈ ತರ್ಕದಿಂದಲೇ 85 ಆಕ್ಟೇನ್ ಪೆಟ್ರೋಲು ಪರ್ವತಸೀಮೆಯಲ್ಲಿ ನೆಲೆಯೂರಿತು. ತಾನಾಗಿ ಉಸಿರೆಳೆಯುವ ಹಳೆಯ ಎಂಜಿನ್ನಿಗೆ ಈ ತರ್ಕ ಸಲ್ಲುತ್ತದೆ. ಸೂಪರ್‌ಚಾರ್ಜರ್ ಇರುವ ಎಂಜಿನ್ನಿಗೆ ಸಲ್ಲದು.

ಏಕೆಂದರೆ ಸೂಪರ್‌ಚಾರ್ಜರ್ ಎಂಬುದು ಗಾಳಿಯನ್ನು ಬಲವಂತವಾಗಿ ಒತ್ತಿ ತುಂಬುವ ತಿದಿ. ಸಮುದ್ರಮಟ್ಟದ ಒತ್ತಡವನ್ನು 1 ಎಂದಿಟ್ಟುಕೊಳ್ಳೋಣ. ಒಂದೂವರೆ ಪಟ್ಟು ಒತ್ತುವ ಯಂತ್ರ ಅಲ್ಲಿ 1.5ರಷ್ಟು ಒತ್ತಡ ಕೊಡುತ್ತದೆ. ಬೇರ್ ಲೇಕಿನಲ್ಲಿ ಹೊರಗಿನ ಒತ್ತಡವೇ 0.8ರಷ್ಟು; ಒಂದೂವರೆ ಪಟ್ಟಾದರೆ 1.2. ಅಂದರೆ ದೋಣಿಯ ಬಲ ಕುಗ್ಗಿತು, ಪೆಟ್ರೋಲಿನ ಅಗತ್ಯವೂ ಸ್ವಲ್ಪ ಇಳಿಯಿತು. ಆದರೂ ಆ ಎಂಜಿನ್ನಿಗೆ ದೊರೆಯುವ ಒತ್ತಡ ಸಮುದ್ರತೀರದ ಸಾಧಾರಣ ಎಂಜಿನ್ನಿನದಕ್ಕಿಂತ ಐದನೆಯ ಒಂದು ಭಾಗ ಹೆಚ್ಚು. ಜೊತೆಗೆ ಒತ್ತಿದ ಗಾಳಿ ಬಿಸಿಯಾಗಿಯೂ ಇರುತ್ತದೆ. ಬೆಟ್ಟದ ಮೇಲಿದ್ದೇವೆಂಬ ಧೈರ್ಯದಿಂದ ಅದಕ್ಕೆ 85 ಕುಡಿಸುವುದು ಅವಿವೇಕ. ಕಳೆದುಹೋದ ಬಲವನ್ನು ಮರಳಿ ಪಡೆಯಲು ಚಿಕ್ಕ ಪುಲ್ಲಿ ಹಾಕಿ ತಿದಿಯನ್ನು ವೇಗವಾಗಿ ತಿರುಗಿಸುವವರಿದ್ದಾರೆ. ಅವರಿಗಂತೂ ಎತ್ತರದ ರಿಯಾಯಿತಿ ಏನೂ ಉಳಿಯದು.

ದೋಣಿಗೆ ಇನ್ನೂ ಕೆಲವು ಕಷ್ಟಗಳಿವೆ. ಕಾರು ಸಮನೆಲದಲ್ಲಿ ವಿಶ್ರಮಿಸುತ್ತದೆ. ವೇಗದ ದೋಣಿಯ ಎಂಜಿನ್ನು ನೀರನ್ನು ಸೀಳುತ್ತ ಸದಾ ಘಟ್ಟವೇರುತ್ತಿರುವಂತೆ ದುಡಿಯುತ್ತದೆ. ಬಯಲಿಗೆ ಹೊಂದಿಸಿದ ಪ್ರೊಪೆಲ್ಲರನ್ನೇ ಎತ್ತರದಲ್ಲಿ ಬಳಸಿದರೆ, ಬಲಗುಂದಿದ ಎಂಜಿನ್ನು ತಕ್ಕ ವೇಗಕ್ಕೆ ಏರಲಾರದೆ ಭಾರದಡಿ ನರಳುತ್ತದೆ. ನಾಕಿಂಗ್‌ಗೆ ಅದೇ ಆಹ್ವಾನ. ಗಾಳಿ, ಅಲೆಗಳ ಅಬ್ಬರದಲ್ಲಿ ಆ ಸದ್ದು ಸವಾರನ ಕಿವಿಗೆ ಬೀಳುವುದೂ ಕಷ್ಟ. ಹೊಸ ಎಂಜಿನ್ನುಗಳಲ್ಲಿ ಅದನ್ನು ಗ್ರಹಿಸಿ ಕಿಡಿಯ ಗಳಿಗೆಯನ್ನು ಹಿಂದಕ್ಕೆ ಸರಿಸುವ ಸಾಧನ ಇರುವುದುಂಟು. ಹಳೆಯವುಗಳ ಪಾಲಿಗೆ ಆ ರಕ್ಷಣೆಯಿಲ್ಲ. ತಣ್ಣನೆಯ ಸರೋವರದ ನಡುವೆ ಎಂಜಿನ್ನು ಸತ್ತರೆ ಅದು ಹಣದ ನಷ್ಟವಷ್ಟೇ ಅಲ್ಲ, ಪ್ರಾಣದ ಪ್ರಶ್ನೆ.

ಮತ್ತೊಂದು ಅಪಾಯ ಮರಳಿ ಇಳಿಯುವಾಗಿನದು. ಬೇರ್ ಲೇಕಿನಲ್ಲಿ ತುಂಬಿಸಿದ ಟ್ಯಾಂಕಿನೊಡನೆ ದೋಣಿಯನ್ನು ಟ್ರೈಲರಿನ ಮೇಲೇರಿಸಿ ನೆವಾಡದ ಗಡಿಯ ಲೇಕ್ ಮೀಡ್‌ಗೆ ಒಯ್ದರೆ, ಸುಮಾರು 1,400 ಮೀಟರ್ ಕೆಳಗಿಳಿದಂತಾಯಿತು. ಅಲ್ಲಿ ಗಾಳಿ ದಟ್ಟ, ಬೇಸಗೆಯ ಬಿಸಿಲು ಉಗ್ರ, ಟ್ಯಾಂಕಿನಲ್ಲಿರುವುದು ಮಾತ್ರ ಬೆಟ್ಟದ ಪೆಟ್ರೋಲು.

ಸೂಪರ್‌ಚಾರ್ಜರಿಗೂ ಆಕ್ಟೇನಿಗೂ ಇರುವ ನಂಟು ಹೊಸತಲ್ಲ. ತೆಳುಗಾಳಿಯಲ್ಲಿ ಹಾರುವ ವಿಮಾನಗಳಿಗೆ ಉಸಿರು ಕೊಡಲೆಂದು ಈ ತಿದಿ ಬೆಳೆದು ಬಂತು. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ಮರ್ಲಿನ್ ಎಂಜಿನ್ನುಗಳು 100 ಆಕ್ಟೇನ್ ಇಂಧನ ದೊರೆತುದರಿಂದಲೇ ಕೆಳಮಟ್ಟದ ದಟ್ಟಗಾಳಿಯಲ್ಲಿಯೂ ಹೆಚ್ಚಿನ ಒತ್ತಡವನ್ನು ತಾಳಿಕೊಂಡವು.

ನಮ್ಮ ದೇಶದಲ್ಲಿ ಬೆಟ್ಟಕ್ಕೊಂದು, ಬಯಲಿಗೊಂದು ಪೆಟ್ರೋಲೆಂಬ ಭೇದವಿಲ್ಲ. ಸಾಧಾರಣ ದರ್ಜೆಯದು ಎಲ್ಲೆಡೆಯೂ ಒಂದೇ. ಆದರೆ ಒತ್ತಿ ಗಾಳಿ ತುಂಬುವ ಟರ್ಬೋ ಕಾರುಗಳು ನಮ್ಮ ಘಟ್ಟಗಳಲ್ಲಿಯೂ ಓಡುತ್ತಿವೆ. ಎತ್ತರದ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುವುದೇ ಟರ್ಬೋ ಸ್ವಭಾವ. ಆದ್ದರಿಂದ ಎತ್ತರ ಕೊಡುವ ರಿಯಾಯಿತಿ ಅದಕ್ಕೆ ಇನ್ನೂ ಅಲ್ಪ. ತಯಾರಕರ ಕೈಪಿಡಿಯಲ್ಲಿ ಬರೆದಿರುವ ಸಂಖ್ಯೆಗಿಂತ ಕೆಳಗಿಳಿಯದಿರುವುದೇ ದೋಣಿಗೂ ಕಾರಿಗೂ ಕ್ಷೇಮ. ಲೀಟರಿಗೆ ಉಳಿಯುವ ನಾಲ್ಕು ಕಾಸು ಪಿಸ್ಟನ್ನಿನ ಬೆಲೆಗೆ ಎಂದೂ ಸಾಟಿಯಾಗದು.