ಟ್ರಿನಿಡಾಡಿನಲ್ಲಿ ನೋಡತಕ್ಕವು
ಕೆರಿಬಿಯನ್ ದ್ವೀಪವೆಂದೊಡನೆ ಕಡಲಸ್ನಾನವೊಂದನ್ನೇ ನೆನೆಯುವ ವಿಹಾರಾರ್ಥಿಯು ಟ್ರಿನಿಡಾಡಿಗೆ ಹೋದಲ್ಲಿ, ಮರಾಕಾಸ್ ಕೊಲ್ಲಿಯಲ್ಲಿ ಮನದಣಿಯೆ ಮಿಂದ ಮೇಲೆ, 1595ರಲ್ಲಿ ಆಂಗ್ಲ ನಾವಿಕ ವಾಲ್ಟರ್ ರಾಲಿಯು ತನ್ನ ಹಡಗುಗಳ ಬಿರುಕುಗಳಿಗೆ ಮೆತ್ತಿಸಿದ ಡಾಮರಿನ ಆಕರವಾದ ಲಾ ಬ್ರೇಯಾ ಸರೋವರವನ್ನು ಕಾಣದೆ ಮರಳಬಾರದು; ಸುಮಾರು 100 ಎಕರೆ ವ್ಯಾಪಿಸಿರುವ ಆ ಕೃಷ್ಣವರ್ಣದ ಹರವು ಆನೆಯ ಚರ್ಮದಂತೆ ಸುಕ್ಕುಗಟ್ಟಿ ಮನುಷ್ಯನ ಭಾರವನ್ನು ತಾಳುವುದಾದರೂ, ಕೆಲವೆಡೆ ಇನ್ನೂ ಮೆತ್ತಗಿದ್ದು ಪಾದವನ್ನು ಹಿಡಿದುಕೊಳ್ಳುವುದರಿಂದ, ಮಾರ್ಗದರ್ಶಕನಿಲ್ಲದೆ ಅಲ್ಲಿ ಅಡಿಯಿಡತಕ್ಕುದಲ್ಲ. ಸಾಯಂಕಾಲ ಕರೋನಿ ಜೌಗಿನಲ್ಲಿ ದೋಣಿಯೇರಿದರೆ, ತಿಂದ ಏಡಿ ಸಿಗಡಿಗಳಿಂದಲೇ ರಕ್ತವರ್ಣವನ್ನು ತಳೆದ ಐಬಿಸ್ ಪಕ್ಷಿಗಳು ಹಿಂಡುಹಿಂಡಾಗಿ ಬಂದು ಕಾಂಡ್ಲಾ ಮರಗಳ ಮೇಲಿಳಿಯುವುದನ್ನು ಕಾಣಬಹುದು. ಬೆಳಗಿನ ಉಪಾಹಾರಕ್ಕಂತೂ, 1845ರಿಂದ ಕಬ್ಬಿನ ತೋಟಗಳಿಗೆ ಕರಾರುಕೂಲಿಗಳಾಗಿ ಬಂದ ಭಾರತೀಯರ ಸಂತತಿಯಲ್ಲಿ ಹುಟ್ಟಿದ ಬೀದಿತಿಂಡಿಯಾದ ‘ಡಬಲ್ಸ್’, ಎಂದರೆ ಬಾರಾ ಎಂಬ ಎರಡು ಮೆತ್ತನೆಯ ಕರಿದ ರೊಟ್ಟಿಗಳ ನಡುವಣ ಬಿಸಿ ಕಡಲೆಪಲ್ಯ, ಹೋಟೆಲಿನ ಬೆಣ್ಣೆರೊಟ್ಟಿಗಿಂತ ಎಷ್ಟೋ ಮೇಲು.