ರಕ್ತದಲ್ಲಿ ಪ್ಲಾಟಿನಂ ಏನು ಮಾಡುತ್ತದೆ?

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದರೆ ಇಡೀ ಮನೆಯೇ ಹಾಸಿಗೆ ಹಿಡಿದಂತಾಗುತ್ತದೆ. ರಾಯಚೂರು ಜಿಲ್ಲೆಯ ಯಾಪಲದಿನ್ನಿಯಂತಹ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ತಾಯಿಗೆ ಗರ್ಭಕೊರಳಿನ ಕ್ಯಾನ್ಸರ್. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ, ಹೈದರಾಬಾದಿನ ಎಂ.ಎನ್.ಜೆ. ಆಸ್ಪತ್ರೆಗೋ ಹೋಗಬೇಕು. "ವಿಕಿರಣದ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಡ್ರಿಪ್ ಕೊಡುತ್ತೇವೆ. ಅದು ಪ್ಲಾಟಿನಂ ಮದ್ದು" ಎನ್ನುತ್ತಾರೆ ವೈದ್ಯರು. ಜೊತೆಗೆ ಹೋದ ಸೊಸೆಗೆ ನೂರು ಪ್ರಶ್ನೆ. ಒಡವೆಯ ಲೋಹವನ್ನು ರಕ್ತಕ್ಕೆ ಹಾಕುವುದೇ? ಪ್ರತಿ ಸಲ ರಕ್ತಪರೀಕ್ಷೆ ಏಕೆ? ಬಾಟಲಿಗಟ್ಟಲೆ ಸಲೈನ್ ಏಕೆ? ಕೇಳಲು ಸಂಕೋಚ. ಆ ಪ್ರಶ್ನೆಗಳನ್ನೇ ಈ ತಿಂಗಳು ನೋಡೋಣ.

ಹೌದು, ಅದೇ ಲೋಹ. ಆದರೆ ಗಟ್ಟಿಯಾಗಿ ಅಲ್ಲ, ಕ್ಲೋರಿನ್ ಮತ್ತು ಅಮೋನಿಯಾಗಳೊಂದಿಗೆ ಕೂಡಿದ ಸಂಯುಕ್ತವಾಗಿ. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾ ಇದ್ದ ದ್ರವದೊಳಗೆ ಪ್ಲಾಟಿನಂ ತಂತಿಗಳಿಂದ ವಿದ್ಯುತ್ ಹರಿಸಿದರು. ಬ್ಯಾಕ್ಟೀರಿಯಾ ಉದ್ದವಾಗಿ ಬೆಳೆದವು, ಆದರೆ ಒಡೆದು ಎರಡಾಗಲಿಲ್ಲ. ಕಾರಣ ವಿದ್ಯುತ್ತಲ್ಲ, ತಂತಿಯಿಂದ ಕರಗಿ ಬಂದ ಪ್ಲಾಟಿನಂ. ಜೀವಕೋಶಗಳ ವಿಭಜನೆಯನ್ನು ತಡೆಯುವ ವಸ್ತು ಕ್ಯಾನ್ಸರಿಗೂ ಮದ್ದಾಗಬಹುದಲ್ಲವೇ? 1978ರಲ್ಲಿ ಅಮೆರಿಕ ಸಿಸ್‌ಪ್ಲಾಟಿನ್‌ಗೆ ಅನುಮತಿ ನೀಡಿತು. ಮುಂದೆ ಕಾರ್ಬೋಪ್ಲಾಟಿನ್, ಆಕ್ಸಾಲಿಪ್ಲಾಟಿನ್ ಬಂದವು.

ಇನ್ನು ರಕ್ತದ ವಿಷಯ. ನಮ್ಮ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇದೆ. ಅದನ್ನು ತಯಾರಿಸುವುದು ಯಕೃತ್ತು. ಅದೊಂದು ಬಸ್ಸಿದ್ದಂತೆ. ಅನೇಕ ಮಾತ್ರೆಗಳ ಅಂಶ ಈ ಬಸ್ಸನ್ನು ಹತ್ತಿ ಬೇಕಾದಲ್ಲಿ ಇಳಿಯುತ್ತದೆ. ಪ್ಲಾಟಿನಂ ಮಾತ್ರ ಹಾಗಲ್ಲ. ಒಮ್ಮೆ ಹತ್ತಿದರೆ ಸೀಟಿಗೆ ಮೊಳೆ ಹೊಡೆದಂತೆ ಕೂತುಬಿಡುತ್ತದೆ. ಆಲ್ಬುಮಿನ್‌ನಲ್ಲಿರುವ ಗಂಧಕವೇ ಇದಕ್ಕೆ ಕಾರಣ. ಬೇಯಿಸಿದ ಮೊಟ್ಟೆ ತಾಗಿದ ಬೆಳ್ಳಿ ಚಮಚ ಕಪ್ಪಾಗುವುದನ್ನು ನೀವು ನೋಡಿರಬಹುದು. ಅದೂ ಗಂಧಕದ ಕೆಲಸವೇ. ಪ್ಲಾಟಿನಂ ಕೂಡಾ ಗಂಧಕವನ್ನು ಕಂಡರೆ ಬಿಡದು.

ಸಿಸ್‌ಪ್ಲಾಟಿನ್ ಕೊಟ್ಟ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಉಳಿದ ಪ್ಲಾಟಿನಂನ ಸುಮಾರು ಶೇ. 90 ಭಾಗ ಹೀಗೆ ಪ್ರೋಟೀನಿಗೆ ಅಂಟಿರುತ್ತದೆ. ಅಂಟಿದ್ದು ಬಹುಮಟ್ಟಿಗೆ ನಿಷ್ಕ್ರಿಯ. ಗಡ್ಡೆಯ ಮೇಲೆ ಕೆಲಸ ಮಾಡುವುದು ಅಂಟದೆ ಬಿಡಿಯಾಗಿ ಉಳಿದ ಭಾಗ. ಅದು ಜೀವಕೋಶದೊಳಗೆ ನುಗ್ಗಿ ಡಿ.ಎನ್.ಎ.ಗೆ ಕಟ್ಟಿಕೊಂಡು ವಿಭಜನೆಯನ್ನು ನಿಲ್ಲಿಸುತ್ತದೆ. ಆಲ್ಬುಮಿನ್ ಕಣ ಸುಮಾರು ಮೂರು ವಾರ ರಕ್ತದಲ್ಲಿರುವುದರಿಂದ ಅಂಟಿದ ಪ್ಲಾಟಿನಂ ಕೂಡಾ ನಿಧಾನವಾಗಿಯೇ ಹೊರಹೋಗುತ್ತದೆ. ಇಷ್ಟು ದಿನ ದೇಹದಲ್ಲಿದೆಯಲ್ಲ ಎಂದು ಗಾಬರಿಯಾಗಬೇಡಿ.

ತೊಂದರೆ ಇರುವುದು ಮೂತ್ರಪಿಂಡಕ್ಕೆ. ಬಿಡಿ ಮದ್ದು ಹೊರಹೋಗುವ ದಾರಿ ಅದೇ. ಅಲ್ಲಿ ದಟ್ಟವಾಗಿ ಸೇರಿದರೆ ಮೂತ್ರಪಿಂಡ ಹಾಳಾಗಬಹುದು. ಸಲೈನ್ ಕೊಡುವುದು, ನೀರು ಕುಡಿಯಿರಿ ಎನ್ನುವುದು ಇದಕ್ಕೇ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ನೋಡುವುದೂ ಇದಕ್ಕೇ. ಆಲ್ಬುಮಿನ್ ಬಹಳ ಕಡಿಮೆಯಿದ್ದವರಲ್ಲಿ ಮೂತ್ರಪಿಂಡಕ್ಕೆ ಅಪಾಯ ಹೆಚ್ಚು. ಕಾರ್ಬೋಪ್ಲಾಟಿನ್ ಪ್ರೋಟೀನಿಗೆ ನಿಧಾನವಾಗಿ ಅಂಟುತ್ತದೆ, ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೋಗುತ್ತದೆ. ಹಾಗಾಗಿ ಅದರ ಪ್ರಮಾಣವನ್ನು ಮೂತ್ರಪಿಂಡದ ಶಕ್ತಿ ನೋಡಿಯೇ ಲೆಕ್ಕ ಹಾಕುತ್ತಾರೆ. ಆದ್ದರಿಂದ "ಇವತ್ತು ಡ್ರಿಪ್ ಬೇಡ, ಮುಂದಿನ ವಾರ ಬನ್ನಿ" ಎಂದರೆ ದೂರದಿಂದ ಬಂದ ಶ್ರಮ ವ್ಯರ್ಥವಾಯಿತೆಂದು ಕೋಪಿಸಿಕೊಳ್ಳಬೇಡಿ. ಚಿಕಿತ್ಸೆಯನ್ನೇ ಬಿಟ್ಟು ಊರಿಗೆ ಮರಳಲೂಬೇಡಿ.

ಮನೆಯಲ್ಲಿರುವ ಸಹೋದರಿಯರು ಕೆಲವು ವಿಷಯ ನೆನಪಿಡಿ. ವೈದ್ಯರು ಹೇಳಿದಷ್ಟು ನೀರು ಕುಡಿಸಿ. ವಾಂತಿಯಿಂದ ನೀರು ನಿಲ್ಲದಿದ್ದರೆ ಕೂಡಲೇ ತಿಳಿಸಿ. ಮೈಕೈ ನೋವೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ಕೊಡಬೇಡಿ. ಅವು ಮೂತ್ರಪಿಂಡಕ್ಕೆ ಇನ್ನಷ್ಟು ಭಾರ. ಭಸ್ಮ, ನಾಟಿ ಔಷಧಿ ಕೊಡುತ್ತಿದ್ದರೆ ವೈದ್ಯರಿಂದ ಬಚ್ಚಿಡಬೇಡಿ. ಬೇಳೆ, ಮೊಟ್ಟೆ, ಮೀನು, ಮೊಸರು ಸಹಿಸಿದಷ್ಟು ಕೊಡಿ. ಆದರೆ ನಾಲ್ಕು ಮೊಟ್ಟೆ ತಿಂದರೆ ನಾಳೆಯೇ ಆಲ್ಬುಮಿನ್ ಏರದು. ಡ್ರಿಪ್ ಆದ ಎರಡು ದಿನ ರೋಗಿಯ ಮೂತ್ರ, ವಾಂತಿ ತಾಗಿದ ಬಟ್ಟೆಯನ್ನು ಕೈಗವಸು ತೊಟ್ಟು ಬೇರೆಯಾಗಿ ಒಗೆಯಿರಿ. ಮೂತ್ರ ಕಡಿಮೆಯಾದರೆ, ಕಿವಿಯಲ್ಲಿ ಗುಂಯ್ ಎಂದರೆ, ಕೈಕಾಲು ಜೋಮು ಹಿಡಿದರೆ, 100.4 ಡಿಗ್ರಿ ಜ್ವರ ಬಂದರೆ ಮುಂದಿನ ತಾರೀಕಿಗೆ ಕಾಯಬೇಡಿ.

ಚಿಕಿತ್ಸೆ ರಮಝಾನಿನಲ್ಲಿ ಬಂದರೆ ಉಪವಾಸ ಬಿಡಲು ಅನೇಕ ತಾಯಂದಿರ ಮನಸ್ಸು ಒಪ್ಪುವುದಿಲ್ಲ. ಆದರೆ ರೋಗಿಗೆ ರಿಯಾಯಿತಿ ಇದೆ. ಈ ಮದ್ದು ಪಡೆಯುವ ದಿನಗಳಲ್ಲಿ ನೀರೇ ಮೂತ್ರಪಿಂಡದ ಕಾವಲು. ಇದನ್ನು ಅವರಿಗೆ ಪ್ರೀತಿಯಿಂದ ತಿಳಿಹೇಳಿ.

ಕೊನೆಯದಾಗಿ ಒಂದು ಮಾತು. ಮುಟ್ಟು ನಿಂತ ಮೇಲೆ ರಕ್ತಸ್ರಾವ, ದುರ್ವಾಸನೆಯ ಬಿಳಿಸೆರಗು ಇವನ್ನು ನಾಚಿಕೆಯಿಂದ ಮುಚ್ಚಿಡುವ ತಾಯಂದಿರು ನಮ್ಮ ನಡುವೆ ಬಹಳ. ಮಗಳಿಗೂ ಹೇಳದ ಮಾತನ್ನು ವೈದ್ಯರಿಗೆ ಹೇಳಿಯಾರೇ? ಬೇಗ ತೋರಿಸಿದರೆ ಈ ಕ್ಯಾನ್ಸರ್ ಗುಣವಾಗುವಂಥದ್ದು. ಇಂದು ಸಂಜೆ ಚಹಾ ಕುಡಿಯುವಾಗ ನಿಮ್ಮ ಅಮ್ಮನನ್ನೋ ಅತ್ತೆಯನ್ನೋ ಪಕ್ಕಕ್ಕೆ ಕರೆದು ಒಮ್ಮೆ ಕೇಳಿ ನೋಡಿ.